ಮಣ್ಣಿನ ಲೆಕ್ಕ ಬಿಡಿಸಿದ ಕಾರ್ಲ್ ಟೆರ್ಜಾಗಿ



ಈ ಸಲ ಮಹನೀಯರ ಪರಿಚಯ ಬರೆಯುವ ಪಾಳಿ ನನ್ನದು. ರಾಜರು, ಶರಣರು, ಕವಿಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಒಬ್ಬ ಇಂಜಿನಿಯರ್ ಬಗ್ಗೆ ಬರೆಯುತ್ತೇನೆ. ಅದಕ್ಕೆ ಕಾರಣ ನಮ್ಮ ಮನಿ ಗ್ವಾಡಿ.

ನಮ್ಮ ಹೊಸ ಖೋಲಿ ಕಟ್ಟಿ ಇನ್ನೂ ಎರಡು ವರ್ಷ ಆಗಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಒಳಗ ಬೆರಳು ಹೋಗ್ತದ. ಸಿಮೆಂಟ್ ಕಡಿಮಿ ಹಾಕ್ಯಾನ ಅಂತ ಎಲ್ಲರೂ ಗೌಂಡಿಗೆ ಬೈದರು. ಅಪ್ಪ ಅವನ ಬಾಕಿ ರೊಕ್ಕ ಕೊಟ್ಟಿಲ್ಲ. ನಮ್ಮ ವಿಜ್ಞಾನದ ಸರ್ ಮಾತ್ರ ಗೋಡೆ ಬಿಟ್ಟು ಅದರ ಕೆಳಗಿನ ಮಣ್ಣು ನೋಡಲು ಹೇಳಿದರು. ಆಗಲೇ ಕಾರ್ಲ್ ಟೆರ್ಜಾಗಿಯವರ ಹೆಸರು ಮೊದಲ ಸಲ ಕೇಳಿದೆ.

ಇವರು 1883ರ ಅಕ್ಟೋಬರ್ 2ರಂದು ಪ್ರಾಗ್ ನಗರದಲ್ಲಿ ಹುಟ್ಟಿದರು. ತಂದೆ ಸೈನ್ಯದ ಅಧಿಕಾರಿ. ಮಗನನ್ನೂ ಸೈನಿಕ ಶಾಲೆಗೆ ಹಾಕಿದರು. ಆದರೆ ಮಗನ ಮನಸ್ಸು ವಿಜ್ಞಾನದ ಕಡೆ. ಗ್ರಾಜ್ ಎಂಬ ಊರಿನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವಾಗ ತುಂಟತನ ಮಾಡಿ ಕಾಲೇಜಿನಿಂದ ಹೊರಬೀಳುವ ಪ್ರಸಂಗ ಬಂದಿತ್ತು. ಗುರುಗಳೊಬ್ಬರು ಉಳಿಸಿದರು. 1904ರಲ್ಲಿ ಪದವಿ ಪಡೆದರು.

ಮುಂದೆ ಕ್ರೊಯೇಷಿಯಾ, ರಷ್ಯಾ ಮುಂತಾದ ಕಡೆ ಕೆಲಸ ಮಾಡಿದರು. ಆ ಕಾಲದಲ್ಲಿ ಕಬ್ಬಿಣಕ್ಕೆ ಲೆಕ್ಕ ಇತ್ತು, ಕಾಂಕ್ರೀಟಿಗೆ ಲೆಕ್ಕ ಇತ್ತು. ಪಾಯದ ಕೆಳಗಿನ ಮಣ್ಣಿಗೆ ಮಾತ್ರ ಬರೀ ಅಂದಾಜು. ಇದಕ್ಕೆ ಉತ್ತರ ಹುಡುಕಲು 1912ರಲ್ಲಿ ಅಮೆರಿಕಾಕ್ಕೆ ಹೋಗಿ ಅಣೆಕಟ್ಟುಗಳ ಕೆಲಸ ನೋಡುತ್ತಾ ತಿರುಗಿದರು. ಉತ್ತರ ಸಿಗಲಿಲ್ಲ. ಬೇಸರದಿಂದ ವಾಪಸ್ ಬಂದರು.

1916ರಲ್ಲಿ ತುರ್ಕಿಯ ಇಸ್ತಾಂಬುಲ್‌ನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿ ಪ್ರಯೋಗಕ್ಕೆ ಸಾಮಾನೇ ಇರಲಿಲ್ಲ. ಸಿಗಾರ್ ಪೆಟ್ಟಿಗೆ, ಅಡುಗೆ ಮನೆ ಸಾಮಾನು, ಬಿಸಾಡಿದ ವಸ್ತುಗಳಿಂದಲೇ ಉಪಕರಣ ಮಾಡಿಕೊಂಡರು. ಗೆಳೆಯರೇ, ನಮ್ಮ ಪ್ರಯೋಗಾಲಯದಲ್ಲಿ ಏನೂ ಇಲ್ಲ ಅಂತ ನಾವು ಅಂತೀವಿ. ಇದನ್ನು ನೆನಪಿಡಬೇಕು.

ಹಸಿ ಜೇಡಿ ಮಣ್ಣನ್ನು ಉಂಗುರದೊಳಗೆ ಇಟ್ಟು, ಮೇಲೆ ಕೆಳಗೆ ನೀರು ಬಸಿಯುವ ಕಲ್ಲು ಇಟ್ಟು, ಭಾರ ಹೇರಿ ಎಷ್ಟು ಹೊತ್ತಿಗೆ ಎಷ್ಟು ಕುಸಿಯಿತು ಎಂದು ಬರೆದುಕೊಂಡರು. ಅವ್ವ ಮೊಸರನ್ನು ಅರಿವಿಯಲ್ಲಿ ಕಟ್ಟಿ ಮೇಲೆ ಕಲ್ಲು ಇಟ್ಟರೆ ನೀರು ಸಾವಕಾಶ ಇಳಿದು ಮೊಸರು ಗಟ್ಟಿಯಾಗುತ್ತದಲ್ಲ, ಹಾಗೆಯೇ ಇದು. ಭಾರವನ್ನು ಮೊದಲು ನೀರು ಹೊರುತ್ತದೆ. ನೀರು ಹೊರಟಂತೆ ಭಾರ ಮಣ್ಣಿನ ಕಣಗಳ ಮೇಲೆ ಬೀಳುತ್ತದೆ. ಮಣ್ಣು ಕುಗ್ಗಿ ಕಟ್ಟಡ ಇಳಿಯುತ್ತದೆ. 1923ರಲ್ಲಿ ಇದಕ್ಕೆ ಸಮೀಕರಣ ಕೊಟ್ಟರು. 1925ರಲ್ಲಿ ಇವರ ದೊಡ್ಡ ಗ್ರಂಥ ಹೊರಬಂತು. ಮೃತ್ತಿಕಾ ಯಂತ್ರಶಾಸ್ತ್ರದ ಪಿತಾಮಹ ಎಂದು ಇವರನ್ನು ಕರೆಯುತ್ತಾರೆ.

ಆ ಸಮೀಕರಣದ ಪ್ರಕಾರ ಪದರದ ದಪ್ಪ 2 ಪಟ್ಟು ಆದರೆ ಸಮಯ 4 ಪಟ್ಟು. ನಾನು ಲೆಕ್ಕ ಮಾಡಿ ನೋಡಿದೆ. 2 ಸೆಂ.ಮೀ. ಮಣ್ಣು ಕುಗ್ಗಲು 1 ಗಂಟೆ ಬೇಕಾದರೆ, ಅದೇ ಮಣ್ಣಿನ 2 ಮೀಟರ್ ಪದರಕ್ಕೆ 10,000 ಗಂಟೆ, ಅಂದರೆ 416 ದಿನಕ್ಕೂ ಹೆಚ್ಚು! ಕಟ್ಟಿದ ವರ್ಷ ಚೆಂದ ಇದ್ದ ಗೋಡೆ ಆಮೇಲೆ ಯಾಕೆ ಸೀಳುತ್ತದೆ ಎಂದು ಈಗ ತಿಳಿಯಿತು. ಇಂದು ಕಂಪ್ಯೂಟರಿನಲ್ಲಿ ಮಣ್ಣನ್ನು ತೆಳು ತೆಳು ಪದರ ಮಾಡಿ, ಒಂದು ಪದರದಿಂದ ಪಕ್ಕದ ಪದರಕ್ಕೆ ನೀರು ಎಷ್ಟು ಸರಿಯಿತು ಎಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುತ್ತಾರೆ. ಕಟ್ಟುವ ಮೊದಲೇ ಕಟ್ಟಡ ಎಷ್ಟು ಇಳಿಯುತ್ತದೆ ಎಂದು ಅಂದಾಜು ಸಿಗುತ್ತದೆ.

ಆದರೆ ಟೆರ್ಜಾಗಿಯವರು ಬರೀ ಲೆಕ್ಕ ನಂಬಿದವರಲ್ಲ. ಜಾಗಕ್ಕೆ ಹೋಗಿ, ಮಣ್ಣು ನೋಡಿ, ಕೆಲಸ ನಡೆದಾಗಲೂ ಅಳತೆ ಮಾಡುತ್ತಾ ತಪ್ಪು ತಿದ್ದಿಕೊಳ್ಳಬೇಕು ಎಂಬುದು ಅವರ ದಾರಿ. 1938ರಲ್ಲಿ ವಿಯೆನ್ನಾ ಬಿಟ್ಟು ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1963ರ ಅಕ್ಟೋಬರ್ 25ರಂದು ತೀರಿಕೊಂಡರು. ಕೆನಡಾದಲ್ಲಿ ಮೆತ್ತನೆ ಜೇಡಿ ನೆಲದ ಮೇಲೆ ಅವರು ಕಟ್ಟಿಸಿದ ಅಣೆಕಟ್ಟಿಗೆ 1965ರಲ್ಲಿ ಅವರದೇ ಹೆಸರಿಟ್ಟರು.

ನಮ್ಮ ಕಡೆ ನೋಡಿರಿ. ಯಾದಗಿರಿ ಕೋಟೆ ಬಂಡೆಗಲ್ಲಿನ ಮೇಲೆ ಕೂತಿದೆ. ಸುರಪುರ, ಶಹಾಪುರದ ಗುಡ್ಡಗಳಲ್ಲೂ ಬಂಡೆಯೇ. ಗುಡ್ಡ ಇಳಿದರೆ ಯರಿ ಭೂಮಿ. ಯರಿ ಮಣ್ಣಿಗೆ ಇನ್ನೊಂದು ಗುಣ ಅದ: ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಇಲ್ಲಿಯೂ ಆಟ ಆಡಿಸುವುದು ನೀರೇ. ಮನೆ ಎಲ್ಲಾ ಕಡೆ ಸಮ ಇಳಿದರೆ ಗೋಡೆ ಅಷ್ಟಾಗಿ ಸೀಳುವುದಿಲ್ಲ. ಒಂದು ಮೂಲೆ ಗರಸಿನ ಮೇಲೆ, ಇನ್ನೊಂದು ಯರಿ ಮೇಲೆ ಇದ್ದರೆ ಸೀಳುತ್ತದೆ.

ನಮ್ಮ ಖೋಲಿ ಕಟ್ಟುವಾಗ ಯಾರೂ ತಗ್ಗು ತೋಡಿ ಮಣ್ಣು ನೋಡಲಿಲ್ಲ. ಗೌಂಡಿಯೂ ನೋಡಲಿಲ್ಲ, ನಾವೂ ಕೇಳಲಿಲ್ಲ. ಇದನ್ನು ಅಪ್ಪಗ ಹೇಳೀನಿ. ಅಪ್ಪ ಸುಮ್ಮನೆ ಕೇಳಿ, ಐತವಾರ ಗೌಂಡಿನ್ನ ಕರಿಸಿ ಇಬ್ಬರೂ ಕೂಡಿ ಗ್ವಾಡಿ ಬಾಜೂ ತೋಡಿ ನೋಡೋಣ ಅಂದಾರ. ಬಾಕಿ ರೊಕ್ಕದ ಮಾತು ಆಮೇಲೆ.

ನೀವೂ ಮನೆ ಕಟ್ಟುವ ಮೊದಲು ನಾಲ್ಕೂ ಮೂಲೆ ತೋಡಿ ನೋಡಿರಿ.

— 9ನೇ ತರಗತಿಯ ವಿದ್ಯಾರ್ಥಿನಿ