ಕಡಲಿನ ಅರಿವನ್ನು ಕನ್ನಡಕ್ಕೆ ತಂದ ಡಾ. ಕೆ. ಶಿವರಾಮ ಕಾರಂತರು

ಅಮೀನಗಡ ಪಟ್ಟಣದಿಂದ ಅರಬ್ಬೀ ಸಮುದ್ರವು 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಆದಾಗ್ಯೂ ಈ ಭಾಗದ ಹೊಲಗಳಿಗೆ ಬೀಳುವ ಮಳೆಯ ಮೂಲ ಸಮುದ್ರವೇ ಆಗಿದೆ. ಸಮೀಪದ ಐಹೊಳೆಯ ಬಳಿ ಹರಿಯುವ ಮಲಪ್ರಭಾ ನದಿಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಹೀಗೆ ಕಡಲನ್ನು ಎಂದೂ ಕಾಣದ ಒಳನಾಡಿನ ಜನರ ಬದುಕು ಸಹ ಕಡಲಿನೊಡನೆ ಬೆಸೆದುಕೊಂಡಿದೆ. ಇಂತಹ ಅರಿವನ್ನು ಕನ್ನಡದಲ್ಲಿಯೇ, ಸಾಮಾನ್ಯ ಓದುಗರಿಗೆ ಎಟಕುವಂತೆ ನೀಡಲು ಶ್ರಮಿಸಿದವರಲ್ಲಿ ಡಾ. ಕೋಟ ಶಿವರಾಮ ಕಾರಂತರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಕಾರಂತರು 1902ರ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟ ಗ್ರಾಮದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಕಾಲೇಜು ವ್ಯಾಸಂಗ ಮಾಡುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ತೊರೆದರು. ವಿಜ್ಞಾನದಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ಸ್ವಂತ ಓದು, ತಿರುಗಾಟ ಮತ್ತು ಅವಲೋಕನಗಳೇ ಅವರ ಕಲಿಕೆಯ ದಾರಿಗಳಾದವು. ಕರಾವಳಿಯಲ್ಲಿ ಬೆಳೆದ ಅವರನ್ನು ಕನ್ನಡಿಗರು ಕಡಲತೀರದ ಭಾರ್ಗವ ಎಂದು ಗೌರವದಿಂದ ಕರೆದರು.

ಶಿಕ್ಷಣ ಪ್ರಯೋಗ ಮತ್ತು ವಿಜ್ಞಾನ ಸಾಹಿತ್ಯ

ಬಾಯಿಪಾಠವೇ ವಿದ್ಯೆಯೆಂಬ ಪದ್ಧತಿಯನ್ನು ಕಾರಂತರು ಒಪ್ಪಲಿಲ್ಲ. ಮಕ್ಕಳು ನೋಡಿ, ಮಾಡಿ, ಪ್ರಶ್ನಿಸಿ ಕಲಿಯಬೇಕೆಂಬುದು ಅವರ ನಿಲುವಾಗಿತ್ತು. ಇದಕ್ಕಾಗಿ ಪುತ್ತೂರಿನ ಬಾಲವನದಲ್ಲಿ ಶಿಕ್ಷಣ ಪ್ರಯೋಗಗಳನ್ನು ನಡೆಸಿದರು. ಕನ್ನಡದಲ್ಲಿ ವಿಜ್ಞಾನದ ಪುಸ್ತಕಗಳು ವಿರಳವಾಗಿದ್ದ ಕಾಲದಲ್ಲಿ ಮಕ್ಕಳಿಗಾಗಿ 3 ಸಂಪುಟಗಳ ‘ಬಾಲ ಪ್ರಪಂಚ’ವನ್ನು 1936ರಲ್ಲಿ ಹೊರತಂದರು. ಅನಂತರ ವಯಸ್ಕ ಓದುಗರಿಗಾಗಿ 4 ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ರಚಿಸಿದರು. ಒಂದು ಸಂಸ್ಥೆಯು ಕೈಗೊಳ್ಳಬೇಕಾದ ಇಂತಹ ಕಾರ್ಯವನ್ನು ಅವರು ಒಬ್ಬಂಟಿಯಾಗಿ ನೆರವೇರಿಸಿದರು.

ಅಮೆರಿಕದ ಸಾಗರ ಜೀವವಿಜ್ಞಾನಿ ರೇಚಲ್ ಕಾರ್ಸನ್ ಅವರು 1951ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೃತಿಯನ್ನು ಕಾರಂತರು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಸಾಗರಗಳ ಹುಟ್ಟು, ಅಲೆ, ಉಬ್ಬರವಿಳಿತ, ಸಾಗರ ಪ್ರವಾಹ ಹಾಗೂ ಭೂಮಿಯ ಹವೆಯ ಮೇಲೆ ಕಡಲು ಬೀರುವ ಪ್ರಭಾವಗಳು ಆ ಕೃತಿಯ ವಸ್ತುಗಳಾಗಿವೆ. ಭೂಮಿಯ ಮೇಲ್ಮೈಯ ಸುಮಾರು ಶೇ. 71ರಷ್ಟು ಭಾಗವನ್ನು ಆವರಿಸಿರುವ ಸಾಗರದ ಕುರಿತಾದ ತಿಳಿವಳಿಕೆಯು ಇಂಗ್ಲಿಷ್ ಬಾರದ ಕನ್ನಡಿಗರಿಗೂ ಇದರಿಂದ ದೊರೆಯುವಂತಾಯಿತು. ಕಡಲತಡಿಯ ಕುಟುಂಬವೊಂದರ ಮೂರು ತಲೆಮಾರುಗಳ ಕಥೆಯಾದ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಅದೇ ಕಡಲು ಜನರ ನಿತ್ಯ ಜೀವನದ ಭಾಗವಾಗಿ ಮೂಡಿಬಂದಿದೆ.

ಪರಿಸರ ಕಾಳಜಿ

ಕಾರಂತರ ಅರಿವು ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ. ಕಾರವಾರದ ಬಳಿ ಸಮುದ್ರವನ್ನು ಸೇರುವ ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಸ್ಥಾಪಿಸುವುದನ್ನು ಅವರು ವಿರೋಧಿಸಿದರು. 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಪರಿಸರ ರಕ್ಷಣೆಯ ವಿಷಯವನ್ನು ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಪರಾಭವಗೊಂಡರು. ಸ್ಥಾವರವು 2000ನೆಯ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿತು. ಚುನಾವಣೆಯಲ್ಲಿ ಸೋತರೂ, ನದಿ, ಕಾಡು ಮತ್ತು ಕಡಲಿಗೆ ಸಂಬಂಧಿಸಿದ ತೀರ್ಮಾನಗಳನ್ನು ಸಾಮಾನ್ಯ ನಾಗರಿಕರೂ ತಿಳಿದು ಪ್ರಶ್ನಿಸಬಹುದೆಂಬುದನ್ನು ಅವರು ನಡೆದು ತೋರಿಸಿದರು.

ಪ್ರಶಸ್ತಿ ಮತ್ತು ನಿಧನ

‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ ಅವರಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಲಭಿಸಿತು. ತಮಗೆ ಸಂದಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂತಿರುಗಿಸಿದ್ದರು. ಇಳಿವಯಸ್ಸಿನಲ್ಲಿಯೂ ಹಕ್ಕಿಗಳ ಕುರಿತು ಬರೆಯುತ್ತಿದ್ದ ಕಾರಂತರು 1997ರ ಡಿಸೆಂಬರ್ 9ರಂದು ನಿಧನರಾದರು.

ನಾಗರಿಕರ ಪಾತ್ರ

ಕೇಂದ್ರ ಭೂವಿಜ್ಞಾನ ಸಚಿವಾಲಯವು 2022ರಲ್ಲಿ 75 ದಿನಗಳ ಕಡಲತೀರ ಸ್ವಚ್ಛತಾ ಅಭಿಯಾನವನ್ನು ಹಮ್ಮಿಕೊಂಡಾಗ ದೇಶದ 75 ಕಡಲತೀರಗಳಲ್ಲಿ ನಾಗರಿಕರ ಸಹಭಾಗಿತ್ವವನ್ನು ಕೋರಲಾಗಿತ್ತು. ಆದರೆ ತೀರವನ್ನು ತಲಪುವ ಕಸದ ಒಂದು ಭಾಗವು ನದಿಗಳ ಮೂಲಕ ಒಳನಾಡಿನಿಂದಲೇ ಸಾಗಿಬರುತ್ತದೆ. ಹಳ್ಳಕ್ಕೆ ಪ್ಲಾಸ್ಟಿಕ್ ಎಸೆಯದಿರುವುದು, ಮಳೆಯ ಪ್ರಮಾಣ ಮತ್ತು ಹೊಳೆಯ ನೀರಿನ ಮಟ್ಟವನ್ನು ಶಾಲಾ ಮಕ್ಕಳಿಂದ ಬರೆದಿಡಿಸುವುದು ಅಮೀನಗಡದಲ್ಲಿಯೂ ಸಾಧ್ಯವಾದ ಕಾರ್ಯಗಳಾಗಿವೆ. ನೋಡಿ ತಿಳಿಯಲು ಪದವಿಯ ಅಗತ್ಯವಿಲ್ಲ ಎಂಬುದಕ್ಕೆ ಕಾರಂತರ ಜೀವನವೇ ಸಾಕ್ಷಿಯಾಗಿದೆ.