ಪರಂಗಿ ಎಂಬ ಮಾತಿಗೆ ತಾಳ್ಮೆಯ ಉತ್ತರ: ತತ್ವಬೋಧಕ ಸ್ವಾಮಿ ರೊಬೆರ್ಟೊ ದೆ ನೋಬಿಲಿ



ಸೇಲಂ, ಧರ್ಮಪುರಿ ಕಡೆಯಲ್ಲಿ ಬಾಳುವ ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಕೆಲವು ಊರುಗಳಲ್ಲಿ ನೆರೆಯವರೊಡನೆ ತೆಲುಗು ಮಾತಾಡುತ್ತೇವೆ. ಬಸ್ಸಿನಲ್ಲೋ, ಹೊಲದ ಬದುವಿನಲ್ಲೋ, ಮದುವೆಮನೆಯಲ್ಲೋ ಯಾರಾದರೂ ನಮ್ಮ ವಿಶ್ವಾಸದ ಬಗ್ಗೆ ಕೇಳುವುದುಂಟು. ನಿಮ್ಮದು ಬಿಳಿಯರು ತಂದ ದೇವರಲ್ಲವೇ ಎಂದು ಕೇಳಿದಾಗ ನಮ್ಮಲ್ಲಿ ಕೆಲವರು ರೇಗುತ್ತೇವೆ, ಹಲವರು ಮಾತು ಬದಲಿಸುತ್ತೇವೆ. ಸುಮಾರು 400 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ರೇಗದೆ, ತಪ್ಪಿಸಿಕೊಳ್ಳದೆ ಎದುರಿಸಿದ ಗುರುಗಳೊಬ್ಬರು ನಮ್ಮ ಸೇಲಂ ಸೀಮೆಗೂ ಬಂದಿದ್ದರು. ಈ ಸಲ ಅವರನ್ನು ನೆನೆಯೋಣ.

ರೊಬೆರ್ಟೊ ದೆ ನೋಬಿಲಿ 1577ರಲ್ಲಿ ಇಟಲಿಯ ಒಂದು ದೊಡ್ಡ ಮನೆತನದಲ್ಲಿ ಹುಟ್ಟಿದರು. ಯೇಸುಸಭೆ ಸೇರಿ ಗುರುಗಳಾಗಿ 1605ರಲ್ಲಿ ಗೋವೆಗೆ ಬಂದರು. ಮರುವರ್ಷ ಮಧುರೆಗೆ ಹೋದರು. ಅಲ್ಲಿ ಗೊನ್ಸಾಲೊ ಫೆರ್ನಾಂಡಿಸ್ ಎಂಬ ಗುರುಗಳು 11 ವರ್ಷಗಳಿಂದ ದುಡಿಯುತ್ತಿದ್ದರು. ಒಳ್ಳೆಯವರು, ಕಷ್ಟಸಹಿಷ್ಣುಗಳು. ಆದರೂ ಊರಿನ ಹಿಂದೂಗಳಲ್ಲಿ ಒಬ್ಬರೂ ಕ್ರೈಸ್ತರಾಗಿರಲಿಲ್ಲ. ಕಾರಣವೇನೆಂದು ದೆ ನೋಬಿಲಿ ವಿಚಾರಿಸಿದರು. ಜನ ಪೋರ್ಚುಗೀಸರನ್ನು ಪರಂಗಿಗಳೆಂದು ಕರೆದು ಕೀಳಾಗಿ ಕಾಣುತ್ತಿದ್ದರು. ಕ್ರೈಸ್ತನಾಗಲು ಮನಸ್ಸುಂಟೇ ಎಂದು ಕೇಳಬೇಕಾದ ಕಡೆ, ಪರಂಗಿ ಕುಲಕ್ಕೆ ಸೇರಲು ಮನಸ್ಸುಂಟೇ ಎಂದೇ ದುಭಾಷಿಗಳು ಕೇಳುತ್ತಿದ್ದರು! ಅಂದರೆ ಜನ ಬೇಡವೆಂದದ್ದು ಕ್ರಿಸ್ತನನ್ನಲ್ಲ. ಕ್ರಿಸ್ತನ ಮಾತು ಅವರ ಕಿವಿಗೆ ಇನ್ನೂ ಬಿದ್ದೇ ಇರಲಿಲ್ಲ.

ಆಗ ದೆ ನೋಬಿಲಿ ತಮ್ಮ ಬಾಳನ್ನೇ ಬದಲಿಸಿಕೊಂಡರು. ಕಾವಿ ಉಟ್ಟು, ಮರದ ಪಾದುಕೆ ಮೆಟ್ಟಿ, ಮಾಂಸ ಮದ್ಯ ಬಿಟ್ಟು, ಮಣ್ಣಿನ ಗುಡಿಸಲಿನಲ್ಲಿ ಸನ್ಯಾಸಿಯಂತೆ ಇದ್ದರು. ತಮಿಳನ್ನು ಚೆನ್ನಾಗಿ ಕಲಿತರು, ತೆಲುಗನ್ನೂ ಕಲಿತರು; ಶಿವಧರ್ಮ ಎಂಬ ಬ್ರಾಹ್ಮಣ ಪಂಡಿತರಿಂದ ಸಂಸ್ಕೃತ ಓದಿದರು. ಪರಭಾಷೆಯ ಪದಗಳನ್ನು ಬಿಟ್ಟು ಪೂಜೆ, ಪ್ರಸಾದ, ಗುರು, ವೇದ ಮುಂತಾದ ಈ ನೆಲದ ಮಾತುಗಳಲ್ಲಿ ವಿಶ್ವಾಸವನ್ನು ಹೇಳಿದರು. ಇಂದು ನಾವು ಬಲಿಪೂಜೆ, ಗುರುಗಳು ಎನ್ನುವಾಗ ಅದೇ ಜಾಡಿನಲ್ಲಿ ನಡೆಯುತ್ತಿದ್ದೇವೆ. ಜನ ಅವರನ್ನು ತತ್ವಬೋಧಕರೆಂದು ಕರೆದರು.

ಅವರ ಮಾತಿನ ರೀತಿಯನ್ನು ಗಮನಿಸಬೇಕು. ಮೊದಲು ವಿಶ್ವಾಸಕ್ಕೆ ಬಂದವರಲ್ಲಿ ಒಬ್ಬ ಶಾಲೆಯ ಉಪಾಧ್ಯಾಯರು. ಅವರೊಡನೆ ಸ್ವಾಮಿಯವರು 20 ದಿನ, ದಿನಕ್ಕೆ ಹಲವು ಗಂಟೆ ಕುಳಿತು ಮಾತಾಡಿದರು. ಉಪಾಧ್ಯಾಯರ ಒಂದೊಂದು ಸಂದೇಹವನ್ನೂ ಪೂರ್ತಿ ಕೇಳಿಸಿಕೊಂಡು, ಕಾರಣ ಕೊಟ್ಟು ಉತ್ತರಿಸಿದರು. ಒಪ್ಪದ ವಿಷಯವನ್ನು ಮುಚ್ಚಿಡಲಿಲ್ಲ; ಪುನರ್ಜನ್ಮದ ನಂಬಿಕೆಯನ್ನು ಆಕ್ಷೇಪಿಸಿ ಒಂದು ಗ್ರಂಥವನ್ನೇ ಬರೆದರು. ಆದರೆ ಆಕ್ಷೇಪಿಸುವ ಮುನ್ನ ಎದುರಿನವರ ಶಾಸ್ತ್ರವನ್ನು ಓದಿ ತಿಳಿದರು.

ಕಠಿಣ ವಿರೋಧ ಬಂದದ್ದು ಸ್ವಂತ ಮನೆಯಿಂದಲೇ. ಜುಟ್ಟು, ಜನಿವಾರ, ಗಂಧವನ್ನು ಉಳಿಸಿಕೊಳ್ಳಲು ಬಿಟ್ಟಿದ್ದಾರೆ, ಧರ್ಮವನ್ನು ಕೆಡಿಸುತ್ತಿದ್ದಾರೆ ಎಂದು ಜೊತೆಯ ಗುರುಗಳೇ ದೂರಿದರು. ವರ್ಷಗಟ್ಟಲೆ ವಿಚಾರಣೆ ನಡೆಯಿತು. ಅವರು ಧರ್ಮಸಭೆಯನ್ನು ಬಿಟ್ಟು ಹೋಗಲಿಲ್ಲ, ತಮ್ಮ ವಾದವನ್ನೂ ಬಿಡಲಿಲ್ಲ. ವಿವರವಾಗಿ ಬರೆದು ಕಾದರು. ಕೊನೆಗೆ 1623ರ ಜನವರಿ 31ರಂದು ಜಗದ್ಗುರು ಹದಿನೈದನೇ ಗ್ರೆಗೊರಿಯವರು ಅವರ ಪದ್ಧತಿಗೆ ಅನುಮತಿ ನೀಡಿದರು.

ಅದೇ ವರ್ಷ ಸ್ವಾಮಿಯವರು ಮಧುರೆಯಿಂದ ಹೊರಟು, ತಿರುಚಿನಾಪಳ್ಳಿ ದಾಟಿ ನಮ್ಮ ಕಡೆಗೆ ಬಂದರು. ಸೇಂದಮಂಗಲದ ರಾಮಚಂದ್ರ ನಾಯಕರು ಅವರನ್ನು ಗೌರವದಿಂದ ಕಂಡರು. ಸೇಲಂನಲ್ಲಿ ಮಾತ್ರ ಮೊದಮೊದಲು ಯಾರೂ ಮನೆ ಕೊಡಲಿಲ್ಲವಂತೆ. ಗಾಳಿಗೆ ತೆರೆದ ಛತ್ರದಲ್ಲೇ ಉಳಿದು ಕಾಯಿಲೆಬಿದ್ದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಅವರು ಊರನ್ನು ಬಯ್ದು ಹೊರಟು ಹೋಗಲಿಲ್ಲ. ನಿಧಾನವಾಗಿ ಜನ ಮಾತಿಗೆ ಬಂದರು. ಸೇಲಂ ನಾಯಕರ ಸೋದರ, ಅಧಿಕಾರ ಕಳೆದುಕೊಂಡಿದ್ದ ತಿರುಮಂಗಲ ನಾಯಕರು ಅವರ ಮಾತಿಗೆ ಮನಸೋತು ಜ್ಞಾನಸ್ನಾನ ಪಡೆದರು. ಸೇಲಂ ಸೀಮೆಯ ಮೋರಮಂಗಲವೂ ಮುಂದೆ ಮಿಷನ್ ಕೇಂದ್ರವಾಯಿತು.

ಒಂದು ಮಾತನ್ನು ನಾವು ಮರೆಮಾಚಬಾರದು. ಮೇಲುಜಾತಿಯವರನ್ನು ಮುಟ್ಟಲು ಸ್ವಾಮಿಯವರು ಜಾತಿಯ ಅಂತರವನ್ನೂ ಪಾಲಿಸಿದರು. ಎಲ್ಲ ಜಾತಿಯವರೊಡನೆ ಬೆರೆಯಲು 1640ರಲ್ಲಿ ಬಲ್ತಜಾರ್ ದ ಕೋಸ್ತ ಎಂಬ ಗುರುಗಳು ಪಂಡಾರಸ್ವಾಮಿಯ ವೇಷ ತೊಡಬೇಕಾಯಿತು. ಒಂದೇ ಪ್ರಭುವಿನ ಸೇವಕರಿಬ್ಬರು ಎರಡು ಬೇರೆ ದಾರಿಗಳಲ್ಲಿ ನಡೆಯುವಂತಾದದ್ದು ದುಃಖದ ವಿಷಯ. ನಮ್ಮ ಊರುಗಳಲ್ಲಿ ಜಾತಿಯ ಗೆರೆ ಇನ್ನೂ ಅಳಿಸಿಲ್ಲವಾದ್ದರಿಂದ ಇದು ಹಳೆಯ ಕಥೆಯಷ್ಟೇ ಅಲ್ಲ. ಮೇಲುಬೀದಿಯವರೊಡನೆ ಮೃದುವಾಗಿ ಮಾತಾಡಿ, ಕೆಳಗಿನ ಕೇರಿಯವರನ್ನು ದೂರವಿಟ್ಟರೆ ನಮ್ಮ ಸಾಕ್ಷಿ ಅರ್ಧಕ್ಕೇ ನಿಲ್ಲುತ್ತದೆ.

ಮುಪ್ಪಿನಲ್ಲಿ ಸ್ವಾಮಿಯವರ ಕಣ್ಣು ಮಂಜಾಯಿತು. 1656ರ ಜನವರಿ 16ರಂದು ಮೈಲಾಪುರದಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಅಷ್ಟರೊಳಗೆ ಲಿಯೊನಾರ್ದೊ ಚಿನ್ನಾಮಿ ಎಂಬ ಯೇಸುಸಭೆಯ ಗುರುಗಳು ಮೈಸೂರು ಸೀಮೆಗೆ ಬಂದು, ಸನ್ಯಾಸಿಯಾಗಿ ಬಾಳಿ, ಕನ್ನಡ ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದಿದ್ದರು. ನಮ್ಮ ಕನ್ನಡ ಪ್ರಾರ್ಥನೆಯ ಬೇರು ಅಲ್ಲಿದೆ.

ನಾವು ಕಾವಿ ಉಡಬೇಕಾಗಿಲ್ಲ, ವಾದಕ್ಕೆ ಇಳಿಯಬೇಕಾಗಿಯೂ ಇಲ್ಲ. ನೆರೆಯವರು ಕೇಳಿದಾಗ ಮೊದಲು ಅವರ ಮಾತನ್ನು ಮುಗಿಯುವವರೆಗೂ ಕೇಳಿಸಿಕೊಳ್ಳೋಣ. ಗೊತ್ತಿದ್ದಷ್ಟನ್ನು ಅವರ ಭಾಷೆಯಲ್ಲಿ, ಅವರಿಗೆ ತಿಳಿಯುವ ಪದದಲ್ಲಿ ಹೇಳೋಣ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನೋಣ. ಅವರ ದೇವರನ್ನು ಹೀಯಾಳಿಸದೆ ನಮ್ಮ ಪ್ರಭುವಿನ ಮೇಲಿನ ಪ್ರೀತಿಯನ್ನು ಹೇಳಬಹುದು. ಉತ್ತರ ಇಂದೇ ಮುಗಿಯದಿದ್ದರೆ ನಾಳೆಯೂ ಅದೇ ಬಾಗಿಲಲ್ಲಿ ಸಿಗುವವರು ನಾವು. ಛತ್ರದಲ್ಲಿ ಕಾದ ಆ ಸ್ವಾಮಿಯವರ ತಾಳ್ಮೆಯನ್ನು ಪ್ರಭು ನಮಗೂ ದಯಪಾಲಿಸಲಿ.