ಲೂಥರನ ಮನೆಯೊಡತಿ ಕಥರೀನಾ

ಮಾರ್ಟಿನ್ ಲೂಥರನ ಹೆಸರನ್ನು ಅರಿಯದವರು ನಮ್ಮ ಸಭೆಗಳಲ್ಲಿ ವಿರಳ. ಆತನು ಪೋಪನಿಗೂ ಚಕ್ರವರ್ತಿಗೂ ಅಂಜದೆ ನಿಂತ ಸಂಗತಿಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆತನ ಮನೆಯ ಒಲೆಯನ್ನು ಉರಿಸಿ, ಲೆಕ್ಕವನ್ನು ನೋಡಿ, ರೋಗದಲ್ಲಿ ಆರೈಕೆ ಮಾಡಿದ ಸ್ತ್ರೀಯನ್ನು ಕುರಿತು ನಾವು ಕೇಳಿರುವದು ಅತ್ಯಲ್ಪ. ಆದಕಾರಣ ಈ ತಿಂಗಳು ಆಕೆಯ ಚರಿತ್ರೆಯನ್ನೂ ಆ ದಂಪತಿಗಳು ಒಬ್ಬರನ್ನೊಬ್ಬರು ಮನ್ನಿಸಿ ನಕ್ಕು ಬಾಳಿದ ರೀತಿಯನ್ನೂ ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಕಥರೀನಾ ಫಾನ್ ಬೋರಾ ಎಂಬಾಕೆಯು 1499ರಲ್ಲಿ ಜರ್ಮನಿಯ ಸಾಕ್ಸನಿ ಸೀಮೆಯಲ್ಲಿ, ಕುಲದಲ್ಲಿ ದೊಡ್ಡದಾದರೂ ಧನದಲ್ಲಿ ಸಣ್ಣದಾದ ಮನೆತನದಲ್ಲಿ ಹುಟ್ಟಿದಳು. ಎಳೆಯ ಪ್ರಾಯದಲ್ಲಿಯೇ ಆಕೆಯನ್ನು ಕನ್ಯಾಮಠಕ್ಕೆ ಒಪ್ಪಿಸಿದರು. 1515ರಲ್ಲಿ ನಿಂಬ್‌ಶೆನ್ ಎಂಬಲ್ಲಿನ ಮಠದಲ್ಲಿ ಆಕೆಯು ಸಂನ್ಯಾಸಿನಿಯ ವ್ರತವನ್ನು ಕೈಕೊಂಡಳು. ಕೆಲವು ವರುಷಗಳಲ್ಲಿ ಲೂಥರನ ಬೋಧನೆಯು ಆ ಗೋಡೆಗಳ ಒಳಗೂ ಹೊಕ್ಕಿತು. 1523ರ ಪುನರುತ್ಥಾನ ಹಬ್ಬದ ರಾತ್ರಿಯಲ್ಲಿ ಆಕೆಯೂ ಬೇರೆ ಹಲವರೂ ಮಠವನ್ನು ಬಿಟ್ಟು, ಟೊರ್ಗೌ ಪಟ್ಟಣದ ವರ್ತಕನಾದ ಲಿಯೋನ್‌ಹಾರ್ಟ್ ಕೊಪ್ಪೆಯ ಬಂಡಿಯಲ್ಲಿ ತಪ್ಪಿಸಿಕೊಂಡು ಹೋದರು. ಅವರಲ್ಲಿ 9 ಮಂದಿ ವಿಟ್ಟೆನ್‌ಬರ್ಗಿಗೆ ಬಂದು ಸೇರಿದರು. ಅವರಿಗೆ ಆಸರೆಯನ್ನು ಹುಡುಕುವ ಭಾರವು ಲೂಥರನ ಮೇಲೆ ಬಿತ್ತು. ಕಥರೀನಳಿಗೆ ಒಬ್ಬ ಬೋಧಕನನ್ನು ಗೊತ್ತುಮಾಡಲಾಗಿ ಆಕೆಯು ಒಪ್ಪದೆ, ಲೂಥರನ ಸ್ನೇಹಿತನಾದ ಆಮ್ಸ್‌ಡೊರ್ಫನ ಬಳಿಗೆ ಹೋಗಿ, ಆತನನ್ನಾಗಲಿ ಲೂಥರನನ್ನಾಗಲಿ ಮದುವೆಯಾಗುವೆನೇ ಹೊರತು ಈ ಮನುಷ್ಯನನ್ನು ಆಗೆನೆಂದು ನೆಟ್ಟಗೆ ಹೇಳಿದಳು. 1525ನೇ ಜೂನ್ 13ರಂದು ಲೂಥರನೇ ಆಕೆಯನ್ನು ವರಿಸಿದನು. ಆತನಿಗೆ 41 ವರುಷ, ಆಕೆಗೆ 26.

ಮೋಹದಿಂದ ಉರಿದು ಮದುವೆಯಾದವನು ತಾನಲ್ಲವೆಂದೂ, ಆದರೆ ಪತ್ನಿಯನ್ನು ಗೌರವದಿಂದ ಕಾಣುವೆನೆಂದೂ ಲೂಥರನು ಆಗ ಸ್ನೇಹಿತನಿಗೆ ಬರೆದನು. ಆ ಗೌರವವೆಂಬ ಬೀಜದಿಂದ ಪ್ರೀತಿಯು ಬೆಳೆದದ್ದನ್ನು ಮುಂದೆ ನೋಡುವೆವು.

ಒಂಟಿಯಾಗಿದ್ದಾಗ ಲೂಥರನು ಒಂದು ವರುಷದ ವರೆಗೂ ಹಾಸಿಗೆಯ ಹುಲ್ಲನ್ನು ಬದಲಿಸದೆ, ದಣಿದು ಬಂದು ಅದರ ಮೇಲೆಯೇ ಬೀಳುತ್ತಿದ್ದನು. ಅವನು ತನ್ನ ಪುಸ್ತಕಗಳಿಗೆ ಹಣ ತೆಗೆದುಕೊಳ್ಳಲಿಲ್ಲ, ಕೇಳಿದವರಿಗೆ ಇಲ್ಲವೆನ್ನಲಿಲ್ಲ. ಅವರು ವಾಸಿಸಿದ ಹಳೆಯ ಮಠದಲ್ಲಿ ವಿದ್ಯಾರ್ಥಿಗಳು, ಅತಿಥಿಗಳು, ಬಂಧುಗಳ ತಬ್ಬಲಿ ಮಕ್ಕಳು ತುಂಬಿರುತ್ತಿದ್ದರು. ಕಥರೀನಳು ತೋಟ ಹಾಕಿಸಿದಳು, ಹಸುಗಳನ್ನೂ ಹಂದಿಗಳನ್ನೂ ಸಾಕಿದಳು, ಮೀನಿನ ಕೊಳವನ್ನು ನೋಡಿಕೊಂಡಳು, ಆ ದೇಶದವರ ದಿನಬಳಕೆಯ ಬಾರ್ಲಿಯ ಪಾನವನ್ನು ಮನೆಯಲ್ಲಿಯೇ ತಯಾರಿಸಿದಳು. ಮುಂದೆ ಜುಲ್ಸ್‌ಡೊರ್ಫ್ ಎಂಬ ಊರಿನಲ್ಲಿ ಹೊಲಮನೆಯನ್ನೂ ನಡಿಸಿದಳು.

ಇದನ್ನೆಲ್ಲಾ ಲೂಥರನು ಕಾಣದವನಂತೆ ಇರಲಿಲ್ಲ. ನಸುಕಿನಲ್ಲಿಯೇ ಏಳುವವಳಾದದರಿಂದ ಆಕೆಯನ್ನು ವಿಟ್ಟೆನ್‌ಬರ್ಗಿನ ಬೆಳ್ಳಿಚುಕ್ಕೆ ಎಂದು ಕರೆದನು. ಮನೆಯನ್ನು ಆಳುವವಳಾದದರಿಂದ ತನ್ನ ಒಡೆಯ ಕೇಥೆ ಎಂದನು. ಕಾಗದಗಳ ಮೇಲೆ ಹಂದಿಯ ಸಂತೆಯ ಒಡತಿಗೆ, ಜುಲ್ಸ್‌ಡೊರ್ಫಿನ ದೊರೆಸಾನಿಗೆ ಎಂದು ವಿಳಾಸ ಬರೆದನು. ಜರ್ಮನ್ ಭಾಷೆಯನ್ನರಿಯದ ಒಬ್ಬ ಇಂಗ್ಲಿಷ್ ಪಂಡಿತನಿಗೆ, ಮಾತಿನಲ್ಲಿ ತನಗಿಂತ ಗಟ್ಟಿಗಳಾದ ಕೇಥೆಯ ಬಳಿಯಲ್ಲಿಯೇ ಕಲಿತುಕೊಳ್ಳಬೇಕೆಂದು ಬುದ್ಧಿ ಹೇಳಿದನು. 1535ರಲ್ಲಿ, ಪುನರುತ್ಥಾನದ ಹಬ್ಬದೊಳಗೆ ಸತ್ಯವೇದವನ್ನು ಪೂರಾ ಓದಿ ಮುಗಿಸಿದರೆ 50 ನಾಣ್ಯಗಳನ್ನು ಕೊಡುವೆನೆಂದು ಆಕೆಗೆ ಮಾತು ಕೊಟ್ಟು, ಆಕೆಯು ಆಗಲೇ ಧರ್ಮೋಪದೇಶಕಾಂಡಕ್ಕೆ ಬಂದಿದ್ದಾಳೆಂದು ಗೆಳೆಯನಿಗೆ ಬರೆದನು. ತನಗೆ ಅತಿಪ್ರಿಯವಾದ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ತನ್ನ ಕೇಥೆ ಎಂದೇ ಹೇಳಿಕೊಂಡನು.

ಆತನ ಹಾಸ್ಯವೆಲ್ಲಾ ಮೃದುವಾಗಿತ್ತೆಂದು ನಾವು ಹೇಳೆವು. ಕೆಲವು ಮಾತುಗಳು ಚುಚ್ಚುವಂಥವೇ. ಆದರೂ ಮೇಲಿನ ಹೆಸರುಗಳನ್ನು ವಾಚಕರು ಆಲೋಚಿಸಿ ನೋಡಲಿ. ಒಂದೊಂದು ಹೆಸರೂ ಆಕೆಯ ಒಂದೊಂದು ದುಡಿಮೆಯನ್ನು ಎತ್ತಿ ಹೇಳುತ್ತದೆ. ಅದು ನಗುವಿನ ವೇಷದಲ್ಲಿ ಬಂದ ಕೃತಜ್ಞತೆ.

ದುಃಖವೂ ಆ ಮನೆಯನ್ನು ಬಿಡಲಿಲ್ಲ. ಅವರ ಆರು ಮಕ್ಕಳಲ್ಲಿ ಎಲಿಸಬೇತಳು 1528ರಲ್ಲಿ ಕೂಸಾಗಿರುವಾಗಲೇ ತೀರಿಕೊಂಡಳು; ಮಗ್ದಲೇನಳು 1542ರಲ್ಲಿ 13ನೇ ವಯಸ್ಸಿನಲ್ಲಿ ತಂದೆಯ ಕೈಯಲ್ಲಿಯೇ ಪ್ರಾಣ ಬಿಟ್ಟಳು. ಆಗ ಇಬ್ಬರೂ ಅತ್ತರು. ನಗುವದಕ್ಕೂ ಅಳುವದಕ್ಕೂ ಸಮಯವುಂಟೆಂಬದನ್ನು ಅವರು ಬಲ್ಲವರಾಗಿದ್ದರು.

1546ರ ಜನವರಿಯಲ್ಲಿ, ಮಾನ್ಸ್‌ಫೆಲ್ಡಿನ ಪಾಳೆಯಗಾರರ ಜಗಳವನ್ನು ತೀರಿಸಲಿಕ್ಕೆ ಲೂಥರನು ರೋಗಿಯಾಗಿದ್ದರೂ ಐಸ್ಲೆಬೆನ್ನಿಗೆ ಹೊರಟನು. ದಾರಿಯಲ್ಲಿ ಜಾಲೆ ನದಿಯು ಉಕ್ಕಿ ಮಂಜುಗಡ್ಡೆಗಳನ್ನು ತೇಲಿಸಿ ಅಡ್ಡಗಟ್ಟಲು, ಎರಡನೇ ಸಾರಿ ದೀಕ್ಷಾಸ್ನಾನ ಮಾಡಿಸುವ ಪಂಗಡದ ದೊಡ್ಡ ಹೆಂಗಸೊಬ್ಬಳು ತಮ್ಮನ್ನು ಮುಳುಗಿಸಬಂದಳೆಂದು ಕಥರೀನಳಿಗೆ ಬರೆದನು. ಆಕೆಯು ಚಿಂತೆಯಿಂದ ನಿದ್ರೆಗೆಟ್ಟಿದ್ದಾಳೆಂದು ತಿಳಿದಾಗ, ಆಕೆಯು ಚಿಂತಿಸತೊಡಗಿದಂದಿನಿಂದ ತನ್ನ ಕೋಣೆಯ ಬಾಗಿಲ ಬಳಿ ಬೆಂಕಿ ಎದ್ದಿತು, ತಲೆಯ ಮೇಲೆ ಕಲ್ಲು ಬೀಳುವದರಲ್ಲಿತ್ತು, ಇನ್ನೂ ಚಿಂತಿಸಿದರೆ ಭೂಮಿಯೇ ತನ್ನನ್ನು ನುಂಗೀತು, ಆದದರಿಂದ ಪ್ರಾರ್ಥಿಸಿ ಚಿಂತೆಯನ್ನು ದೇವರಿಗೆ ಬಿಡಬೇಕೆಂದು ಬರೆದನು. ಅದಾಗಿ ಎಂಟು ದಿನಗಳಿಗೆ, ಫೆಬ್ರುವರಿ 18ರಂದು, ಆತನು ಅಲ್ಲಿಯೇ ತೀರಿಕೊಂಡನು. ತಾನು ಉಣ್ಣಲಾರೆ, ಕುಡಿಯಲಾರೆ, ಮಲಗಲಾರೆ ಎಂದು ಕಥರೀನಳು ಬಂಧುವೊಬ್ಬಳಿಗೆ ಬರೆದಳು.

ಲೂಥರನ ಮೆಚ್ಚಿಕೆಯು ಬರೇ ಬಾಯಿಮಾತಾಗಿರಲಿಲ್ಲ. 1542ರಲ್ಲಿಯೇ ಆತನು ತನ್ನ ಕೈಯಿಂದ ಮರಣಶಾಸನವನ್ನು ಬರೆದು, ಹೊಲಮನೆಯನ್ನೂ ವಾಸದ ಮನೆಯನ್ನೂ ಬೆಲೆಯುಳ್ಳ ಒಡವೆಗಳನ್ನೂ ಆಕೆಗೆ ಕೊಟ್ಟಿದ್ದನು. ತಾಯಿಯು ಮಕ್ಕಳ ಕೈಯನ್ನು ನೋಡಬಾರದು, ಮಕ್ಕಳೇ ತಾಯಿಯ ಕೈಯನ್ನು ನೋಡಬೇಕೆಂಬದು ಆತನ ಅಭಿಪ್ರಾಯ. ಆ ಸೀಮೆಯ ಕಾನೂನು ವಿಧವೆಗೆ ಅಷ್ಟು ಹಕ್ಕನ್ನು ಕೊಡುತ್ತಿರಲಿಲ್ಲ. ಅಧಿಕಾರಿಗಳು ಅಡ್ಡ ಬಂದರು. ಆದರೂ ಅರಸನು ಆ ಶಾಸನವನ್ನು ಸ್ಥಿರಪಡಿಸಿದನು. ಬಳಿಕ ಯುದ್ಧವು ಬಂದು ಆಕೆಯ ಹೊಲಗಳು ಹಾಳಾದವು. 1552ರಲ್ಲಿ ಜಾಡ್ಯಕ್ಕೆ ಹೆದರಿ ಮಕ್ಕಳೊಂದಿಗೆ ಟೊರ್ಗೌಗೆ ಹೋಗುತ್ತಿರುವಾಗ ಬಂಡಿಯ ಅಪಘಾತದಲ್ಲಿ ಗಾಯಪಟ್ಟು, ಡಿಸೆಂಬರ್ 20ರಂದು ಆಕೆಯು ದೇಹವನ್ನು ಬಿಟ್ಟಳು. ಅಲ್ಲಿನ ದೇವಾಲಯದಲ್ಲಿ ಆಕೆಯ ಸಮಾಧಿಯುಂಟು.

ಪ್ರಿಯ ಸಹೋದರರೇ, ಕೋಳಿ ಕೂಗುವದಕ್ಕೆ ಮುಂಚೆ ಎದ್ದು, ನೀರು ಹೊತ್ತು, ಹೊಲಕ್ಕೆ ಬುತ್ತಿ ತರುವ ಬೆಳ್ಳಿಚುಕ್ಕೆಗಳು ನಮ್ಮ ಹಳ್ಳಿಗಳಲ್ಲಿಯೂ ಅನೇಕರಿದ್ದಾರೆ. ನಾವು ಅವರನ್ನು ನೆರೆಯವರ ಮುಂದೆ ಗೇಲಿಮಾಡಿ ಅದನ್ನು ಹಾಸ್ಯವೆನ್ನುತ್ತೇವೋ, ಇಲ್ಲವೆ ಉಂಡು ಕೈತೊಳೆದು ಸುಮ್ಮನೆ ಏಳುತ್ತೇವೋ? ಹೆಂಡತಿಯೂ ಕೂಡ ನಗುವ ಮಾತೇ ಹಾಸ್ಯ. ಆಕೆಯು ತಲೆ ತಗ್ಗಿಸುವ ಮಾತು ಹಾಸ್ಯವಲ್ಲ. ಈ ಹೊತ್ತು ಊಟಕ್ಕೆ ಕೂತಾಗ ಆಕೆಯ ದುಡಿಮೆಯಲ್ಲಿ ಒಂದನ್ನಾದರೂ ಹೆಸರೆತ್ತಿ ಮೆಚ್ಚೋಣ. ನಾವು ಹೋದ ಮೇಲೆ ಆಕೆಯು ಯಾರ ಕೈಯನ್ನೂ ನೋಡದಂತೆ ಮನೆ ಹೊಲಗಳ ಪತ್ರಗಳನ್ನು ಸರಿಪಡಿಸಿದ್ದೇವೋ ಎಂದು ಸಹ ವಿಚಾರಿಸಿಕೊಳ್ಳೋಣ.